ಥ್ರಾಟಲ್ ಏರಿಸಿದರೆ ಬಾಲದಲ್ಲಿ ಬೆಂಕಿ!

ರಾತ್ರಿ ಹೊತ್ತು ತೋರಣಗಲ್ಲು ದಾಟುವ ರೈಲಿನಲ್ಲಿ ಕೂತವರಿಗೆ ಗೊತ್ತು, ಉಕ್ಕಿನ ಕಾರ್ಖಾನೆ ಮೇಲಿನ ಆಕಾಶ ಕೆಂಪಗೆ ಕಾಣುತ್ತದೆ. ಸರಿಯಾಗಿ ನೋಡಿದರೆ ಅದು ಕೆಂಪಲ್ಲ, ಕಿತ್ತಳೆ. ಒಂದೇ ಸಮ ಇರುವುದೂ ಇಲ್ಲ, ಉಸಿರಾಡಿದ ಹಾಗೆ ಏರುತ್ತದೆ, ಇಳಿಯುತ್ತದೆ. ರಿಮೋಟ್ ಜೆಟ್‌ಗೆ ಲೈಟ್ ಹಾಕುವ ನಮ್ಮಂಥವರು ತಪ್ಪುವುದು ಇಲ್ಲೇ. ಕೆಂಪು ಎಲ್‌ಇಡಿ ಪಟ್ಟಿ ತಂದು ಬಾಲದೊಳಗೆ ಅಂಟಿಸುತ್ತೇವೆ. ಮೇಲೆ ಹೋದಾಗ ಅದು ಬ್ರೇಕ್ ಒತ್ತಿದ ಆಟೋ ಥರ ಕಾಣುತ್ತದೆ.

ನಾವು ನಕಲು ಮಾಡಲು ಹೊರಟಿರುವುದು ಯುದ್ಧವಿಮಾನದ ಬಾಲದಲ್ಲಿ ಕಾಣುವ ಆಫ್ಟರ್‌ಬರ್ನರ್ ಬೆಂಕಿಯನ್ನು. ಆಫ್ಟರ್‌ಬರ್ನರ್ ಅಂದರೆ ಎಂಜಿನ್‌ನ ಟರ್ಬೈನ್ ದಾಟಿ ಹೊರಗೆ ಹೋಗುತ್ತಿರುವ ಬಿಸಿ ಗಾಳಿಗೆ ಮತ್ತೆ ಇಂಧನ ಚಿಮುಕಿಸಿ ಉರಿಸುವುದು. ಆ ಗಾಳಿಯಲ್ಲಿ ಇನ್ನೂ ಆಮ್ಲಜನಕ ಉಳಿದಿರುತ್ತದೆ, ಅದಕ್ಕೇ ಹೊತ್ತಿಕೊಳ್ಳುತ್ತದೆ. ತೇಜಸ್‌ನ ಎಫ್404 ಎಂಜಿನ್‌ನಲ್ಲೂ ಇದೆ, ಸುಖೋಯ್-30ರಲ್ಲೂ ಇದೆ. ಡೀಸೆಲ್ ಸುರಿದ ಹಾಗೆ ಇಂಧನ ಕುಡಿಯುವುದರಿಂದ ಪೈಲಟ್ ಅದನ್ನು ಬೇಕಾದಾಗ ಮಾತ್ರ ಹಚ್ಚುತ್ತಾನೆ. ನಮ್ಮ ಬೆಳಕೂ ಹಾಗೇ ಇರಬೇಕು. ಯಾವಾಗಲೂ ಉರಿಯುತ್ತಿದ್ದರೆ ಸುಮ್ನೆ ದೀಪ ಅಷ್ಟೇ.

ಕೆಳಗಿನ ಲೆಕ್ಕವೆಲ್ಲ 70 ಮಿ.ಮೀ. ಡಕ್ಟೆಡ್ ಫ್ಯಾನ್ (ಕೊಳವೆಯೊಳಗೆ ತಿರುಗುವ ಫ್ಯಾನ್), 4 ಸೆಲ್ ಲಿಪೋ ಬ್ಯಾಟರಿ ಇರುವ ಫೋಮ್ ಜೆಟ್‌ಗೆ. ನಿಮ್ಮದು ಬೇರೆ ಅಳತೆಯದಾದರೆ ಅಂಕಿ ಬದಲಾಗುತ್ತದೆ, ದಾರಿ ಇದೇ.

ಮೊದಲು ಅಳತೆ

ನಾಝಲ್‌ನ (ಗಾಳಿ ಹೊರಬರುವ ಬಾಲದ ಬಾಯಿ) ಒಳವ್ಯಾಸ ಅಳೆಯಿರಿ. ನನ್ನದು 65 ಮಿ.ಮೀ. ಅಂದರೆ ಸುತ್ತಳತೆ ಸುಮಾರು 204 ಮಿ.ಮೀ. ಮೀಟರಿಗೆ 60 ದೀಪ ಇರುವ ಡಬ್ಲ್ಯುಎಸ್2812ಬಿ ಪಟ್ಟಿಯಲ್ಲಿ 12 ದೀಪ ಕತ್ತರಿಸಿದರೆ ಸರಿಹೋಗುತ್ತದೆ. ಈ ಪಟ್ಟಿಯಲ್ಲಿ ಒಂದೊಂದು ದೀಪಕ್ಕೂ ಬೇರೆ ಬಣ್ಣ ಹೇಳಬಹುದು. ಬೆಂಕಿ ಥರ ಕುಣಿಸಲು ಅದೇ ಬೇಕು.

ಇಲ್ಲಿ ಒಂದು ಮಾತು. ಪಟ್ಟಿಯನ್ನು ಗಾಳಿಯ ದಾರಿಯೊಳಗೆ ಹಾಗೇ ಅಂಟಿಸಬೇಡಿ. ಅದು ಎರಡೂವರೆ ಮಿ.ಮೀ. ದಪ್ಪ ಅಂತಿಟ್ಟುಕೊಳ್ಳಿ. 65 ಇದ್ದ ಬಾಯಿ 60 ಆಗುತ್ತದೆ. ನೋಡೋಕೆ 5 ಮಿ.ಮೀ., ಆದರೆ ಬಾಯಿಯ ವಿಸ್ತೀರ್ಣದಲ್ಲಿ ಶೇ 15ರಷ್ಟು ಹೋಯಿತು. ಫ್ಯಾನಿನ ಗಂಟಲು ಹಿಸುಕಿದ ಹಾಗೆ. ಅದಕ್ಕೆ ಫೋಮ್‌ನಲ್ಲೇ ಪಟ್ಟಿಯಗಲದ ಕಾಲುವೆ ಕೊರೆದು, ದೀಪ ಗೋಡೆಗೆ ಸಮವಾಗಿ ಕೂರುವ ಹಾಗೆ ಮಾಡಿ. ಹೊಸ ಬ್ಲೇಡ್ ಇರಲಿ, ಹಳೆಯದು ಫೋಮನ್ನು ಕಿತ್ತುಹಾಕುತ್ತದೆ.

ಅಂಟಿಸಲು ಹಾಟ್ ಗ್ಲೂ ಬೇಡ. ಏಪ್ರಿಲ್‌ನಲ್ಲಿ ಬಳ್ಳಾರಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅದು ಬೆಲ್ಲದ ಪಾಕದ ಹಾಗೆ ಮೆತ್ತಗಾಗುತ್ತದೆ. ಎಪಾಕ್ಸಿ ಒಳ್ಳೆಯದು. ಥರ್ಮಕೋಲ್ ವಿಮಾನವಾದರೆ ಮಾಮೂಲಿ ಸೂಪರ್ ಗ್ಲೂ ಹತ್ತಿರವೂ ತರಬೇಡಿ, ತಿಂದುಹಾಕುತ್ತದೆ.

ಕರೆಂಟು ಎಲ್ಲಿಂದ?

ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಮೊದಲ ಸಲ ಆಸೆಗೆ 30 ದೀಪ ಹಾಕಿ, ಪೂರ್ತಿ ಬಿಳಿ ಬೆಳಕಿಟ್ಟು, ರಿಮೋಟ್ ಸಿಗ್ನಲ್ ಹಿಡಿಯುವ ರಿಸೀವರ್‌ನಿಂದಲೇ ಕರೆಂಟು ತಗೊಂಡೆ. ಈ ದೀಪ ಪೂರ್ತಿ ಬಿಳಿಯಾದಾಗ ಒಂದೊಂದೂ ಸುಮಾರು 60 ಮಿಲಿ ಆಂಪಿಯರ್ ಎಳೆಯುತ್ತದೆ. 30ಕ್ಕೆ 1.8 ಆಂಪಿಯರ್. ಅದೇ ತಂತಿಯಲ್ಲಿ ಸರ್ವೋಗಳೂ (ವಿಮಾನವನ್ನು ತಿರುಗಿಸುವ ಪುಟ್ಟ ಮೋಟರುಗಳು) ಇದ್ದವು. ಥ್ರಾಟಲ್ ಏರಿಸಿ ತಿರುಗಿಸಿದೆ, ವೋಲ್ಟೇಜ್ ಕುಸಿಯಿತು, ರಿಸೀವರ್ ಆಫ್ ಆಗಿ ಮತ್ತೆ ಆನ್ ಆಗುವಷ್ಟರಲ್ಲಿ ಜೆಟ್ ಮೆಣಸಿನಕಾಯಿ ಹೊಲದಲ್ಲಿತ್ತು. ಹೊಲದವರು ಬಂದು, 'ಏನ್ರೀ ಸರ, ಗಿಡ ಮುರುದ್ವಲ್ರೀ' ಅಂದರು. ಮೂಗು ಮುರಿದ ನನ್ನ ಜೆಟ್ ಅವರ ಕಣ್ಣಿಗೆ ಬೀಳಲೇ ಇಲ್ಲ.

ಆದ್ದರಿಂದ ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಪ್ರತ್ಯೇಕ 5 ವೋಲ್ಟ್ ಯುಬಿಇಸಿ ಹಾಕಿ. ಪೂರ್ತಿ ಚಾರ್ಜ್ ಆದ 4 ಸೆಲ್ ಬ್ಯಾಟರಿ 16.8 ವೋಲ್ಟ್ ಇರುತ್ತದೆ, ಅದನ್ನು ತಡೆಯುವಂಥದ್ದೇ ಇರಲಿ. ಕೆಲವಕ್ಕೆ 5 ಮತ್ತು 6 ವೋಲ್ಟ್ ಬದಲಿಸುವ ಜಂಪರ್ ಇರುತ್ತದೆ. ಮಲ್ಟಿಮೀಟರ್ ಹಿಡಿದು 5 ಅಂತ ಖಾತ್ರಿ ಮಾಡಿಕೊಳ್ಳಿ, 6 ಕೊಟ್ಟರೆ ದೀಪ ಸುಡಬಹುದು. ಹಾಗೆ ನೋಡಿದರೆ 12 ದೀಪ ಕಿತ್ತಳೆ ಬಣ್ಣದಲ್ಲಿ ಉರಿದರೆ ಅರ್ಧ ಆಂಪಿಯರ್ ಕೂಡ ಬೇಡ. ಆದರೂ ಸರ್ವೋ ಕರೆಂಟಿನಲ್ಲಿ ಪಾಲು ಕೇಳಲು ನನಗೆ ಈಗ ಧೈರ್ಯ ಇಲ್ಲ.

ತಂತಿ

ರಿಸೀವರ್‌ನ ಥ್ರಾಟಲ್ ಚಾನೆಲ್‌ಗೆ ವೈ-ಲೀಡ್ ಹಾಕಿ. ಒಂದು ಕವಲು ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿಗೆ, ಇನ್ನೊಂದು ನಾವೇ ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡ್ ಆರ್ಡುಯಿನೊ ನ್ಯಾನೊಗೆ. ನ್ಯಾನೊಗೂ ಪಟ್ಟಿಗೂ 5 ವೋಲ್ಟ್ ಬರುವುದು ಯುಬಿಇಸಿಯಿಂದ. ನ್ಯಾನೊ ಕಡೆಯ ಕವಲಿನ ಕೆಂಪು ತಂತಿ ಕಿತ್ತು ಟೇಪ್ ಸುತ್ತಿ. ಎರಡು ಕಡೆಯ 5 ವೋಲ್ಟ್ ಒಂದಕ್ಕೊಂದು ಸೇರಬಾರದು. ಕಪ್ಪು ತಂತಿ, ಅಂದರೆ ಗ್ರೌಂಡ್, ಎಲ್ಲಕ್ಕೂ ಒಂದೇ ಇರಬೇಕು. ಅದು ಬಿಟ್ಟುಹೋದರೆ ದೀಪ ಹುಚ್ಚು ಹಿಡಿದ ಹಾಗೆ ಮಿನುಗುತ್ತದೆ. ಸಿಗ್ನಲ್ ತಂತಿ ನ್ಯಾನೊದ ಡಿ2 ಪಿನ್ನಿಗೆ. ಡಿ6ರಿಂದ 330 ಓಮ್ ರೆಸಿಸ್ಟರ್ ದಾಟಿ ಪಟ್ಟಿಯ ಡೇಟಾ ಬಿಂದುವಿಗೆ. ಪಟ್ಟಿ ಮೇಲಿನ ಬಾಣದ ಗುರುತು ನೋಡಿಕೊಂಡು ಬೆಸುಗೆ ಹಾಕಿ. ಪಟ್ಟಿಯ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರಲಿ.

ಬೆಂಕಿಯ ಬುದ್ಧಿ

ಥ್ರಾಟಲ್ ಕಡ್ಡಿಯ ಜಾಗವನ್ನು ರಿಸೀವರ್ ಹೇಳುವುದು ಸುಮಾರು 1000ದಿಂದ 2000 ಮೈಕ್ರೊಸೆಕೆಂಡಿನ ಮಿಡಿತದಲ್ಲಿ. ನ್ಯಾನೊ ಅದನ್ನು ಅಳೆಯುತ್ತದೆ. ನಿಮ್ಮ ರಿಮೋಟ್ ಕೊಡುವ ನಿಜವಾದ ಅಂಕಿಯನ್ನು ಮೊದಲು ಕಂಪ್ಯೂಟರಿನ ಪರದೆ ಮೇಲೆ ಓದಿಕೊಳ್ಳಿ. ಈ ಕೆಲಸ ಮಾಡುವಾಗ ಮೋಟರಿನ ಮೂರೂ ತಂತಿ ಕಳಚಿಡಿ. ಫ್ಯಾನ್ ಬೆರಳು ನೋಡುವುದಿಲ್ಲ.

ನ್ಯಾನೊಗೆ ಹಾಕುವ ಪ್ರೋಗ್ರಾಂ ಹೀಗಿರಲಿ: 1100ರ ಕೆಳಗೆ ಕತ್ತಲೆ. ಅಲ್ಲಿಂದ 1800ರವರೆಗೆ ಕೆಂಡದ ಹಾಗೆ ಮಂದ ಕೆಂಪು. 1800 ದಾಟಿದ ಕೂಡಲೇ ಬೆಂಕಿ. ಆರಿಸುವುದನ್ನು ಮಾತ್ರ 1750ಕ್ಕೆ ಇಡಿ. ಎರಡಕ್ಕೂ 1800 ಇಟ್ಟರೆ ಕಡ್ಡಿ ಅಲ್ಲೇ ನಿಂತಾಗ ಟಕಟಕ ಅಂತ ಹತ್ತಿ ಆರುತ್ತದೆ. ಸಿಗ್ನಲ್ ನಿಂತರೆ ಪೂರ್ತಿ ಆರಬೇಕು.

ಬಣ್ಣಕ್ಕೆ ಕೆಂಪು 255, ಹಸಿರು 80, ನೀಲಿ 0. ಕಂಪ್ಯೂಟರಿನಲ್ಲಿ ಕಿತ್ತಳೆಗೆ ಹಸಿರು 165 ಇರುತ್ತದೆ, ಅದನ್ನೇ ಹಾಕಿದರೆ ಈ ದೀಪದಲ್ಲಿ ನಿಂಬೆಹಣ್ಣು ಬರುತ್ತದೆ. ಪ್ರತಿ 40 ಮಿಲಿಸೆಕೆಂಡಿಗೊಮ್ಮೆ ಒಂದೊಂದು ದೀಪದ ಬೆಳಕನ್ನೂ ಶೇ 70ರಿಂದ 100ರ ನಡುವೆ ಮನಸ್ಸಿಗೆ ಬಂದ ಹಾಗೆ ಬದಲಿಸಿ. ಎಲ್ಲ ಒಟ್ಟಿಗೆ ಮಿನುಗಿದರೆ ಮದುವೆ ಮನೆ ಸೀರಿಯಲ್ ಸೆಟ್ ಆಗುತ್ತದೆ.

ದೀಪ ಮುಚ್ಚಿ, ಬೆಳಕು ಬಿಡಿ

ಇಷ್ಟು ಮಾಡಿಯೂ 12 ಚುಕ್ಕಿ ಕಂಡರೆ ಬೆಂಕಿ ಅನಿಸುವುದಿಲ್ಲ, ಅಲ್ವಾ? ಬೇಕರಿಯ ಬಟರ್ ಪೇಪರ್ ಹಾಕಿ ನೋಡಿದೆ, ಒಂದೇ ಹಾರಾಟಕ್ಕೆ ಚಿಂದಿ. ಕೊನೆಗೆ ಕೈ ಹಿಡಿದದ್ದು ಝೆರಾಕ್ಸ್ ಅಂಗಡಿಯವರು ಸ್ಪೈರಲ್ ಬೈಂಡಿಂಗ್ ಮೇಲೆ ಹಾಕುವ ಪಾರದರ್ಶಕ ಹಾಳೆ. 400ರ ಮರಳು ಕಾಗದದಲ್ಲಿ ಎರಡೂ ಕಡೆ ಉಜ್ಜಿದರೆ ಮಂಜು ಹಿಡಿದ ಗಾಜಿನ ಹಾಗೆ ಆಗುತ್ತದೆ. ಅದನ್ನು ಸುತ್ತಿ ಕಾಲುವೆ ಮೇಲೆ ಹೊದಿಸಿ. ಗಾಳಿ ಜಾರಿ ಹೋಗುತ್ತದೆ, ಚುಕ್ಕಿಗಳು ಕರಗಿ ಒಂದು ಬಳೆ ಆಗುತ್ತವೆ. ಹಾಳೆಯ ಹಿಂದಿನ ಅಂಚು ಏಳದ ಹಾಗೆ ನೋಡಿಕೊಳ್ಳಿ.

ಆಮೇಲೆ ತೂಕ. ಬಾಲಕ್ಕೆ 30 ಗ್ರಾಂ ಸೇರಿತು, ಅದು ಸಮತೋಲನ ಬಿಂದುವಿನಿಂದ 40 ಸೆಂ.ಮೀ. ಹಿಂದಿದೆ ಅನ್ನಿ. 240 ಗ್ರಾಂ ಬ್ಯಾಟರಿಯನ್ನು 5 ಸೆಂ.ಮೀ. ಮುಂದೆ ತಳ್ಳಬೇಕು. ಅಷ್ಟು ಜಾಗವಿಲ್ಲದಿದ್ದರೆ ನ್ಯಾನೊ ಮತ್ತು ಯುಬಿಇಸಿಯನ್ನು ಮೂಗಿನ ಕಡೆ ಇಡಿ. ಬಾಲ ಭಾರವಾದ ಜೆಟ್ ಮಾತು ಕೇಳುವುದಿಲ್ಲ.

ಹಾರಿಸಲು ಹೊರಡುವ ಮುಂಚೆ, ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಬಯಲು ಹಸಿರು ವಲಯದಲ್ಲಿದೆಯಾ ನೋಡಿ. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದ ಆಸುಪಾಸಂತೂ ಬೇಡ. ಸೂರ್ಯ ಮುಳುಗಿದ ಮೇಲಿನ ಹತ್ತು ನಿಮಿಷ ಇದಕ್ಕೆ ಹೇಳಿಮಾಡಿಸಿದ ಹೊತ್ತು. ಪೂರ್ತಿ ಕತ್ತಲಾದರೆ ಬಾಲದ ಬೆಳಕೊಂದರಿಂದ ವಿಮಾನ ಯಾವ ಕಡೆ ವಾಲಿದೆ ಅಂತ ಗೊತ್ತಾಗುವುದಿಲ್ಲ. ಎಡ ರೆಕ್ಕೆಗೆ ಕೆಂಪು, ಬಲಕ್ಕೆ ಹಸಿರು ದೀಪ ಇದ್ದರೆ ಸ್ವಲ್ಪ ವಾಸಿ.

ಸರಿಮಾಡಿದ ಜೆಟ್ ಅದೇ ಮೆಣಸಿನಕಾಯಿ ಹೊಲದ ಪಕ್ಕ ಮೊದಲ ಸಲ ಮೇಲೇರಿದಾಗ, ಅದೇ ಹೊಲದವರು ಬದುವಿನ ಮೇಲೆ ನಿಂತು ಕೂಗಿದರು: 'ಸರ, ಇಳಸ್ರೀ ಇಳಸ್ರೀ, ಬೆಂಕಿ ಹತ್ತೇತಿ!'