ನೀರಿನೊಳಗಿನ ಬೆಟ್ಟದ ಫೋಟೊ ತೆಗೆಯುವುದು ಹೇಗೆ?

ನೀರಿನಲ್ಲಿ ಕಾಣುವ ಪ್ರತಿಬಿಂಬ ಮೇಲಿನ ದೃಶ್ಯದ ತಲೆಕೆಳಗಾದ ನಕಲು ಎಂದೇ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಹಾಗಲ್ಲ. ಕ್ಯಾಮೆರಾ ನೀರಿನ ಮಟ್ಟಕ್ಕಿಂತ ಎಷ್ಟು ಮೇಲಿದೆಯೋ ಅಷ್ಟೇ ಕೆಳಗೆ ಇನ್ನೊಂದು ಕ್ಯಾಮೆರಾ ಇಟ್ಟು ಮೇಲಕ್ಕೆ ನೋಡಿದರೆ ಏನು ಕಂಡೀತೋ, ಅದು ಪ್ರತಿಬಿಂಬ. ಎತ್ತರದಿಂದ ಸೇತುವೆಯ ಮೇಲ್ಭಾಗ ಕಂಡರೆ ನೀರಿನಲ್ಲಿ ಅದರ ಅಡಿಭಾಗ ಕಾಣುತ್ತದೆ. ದಂಡೆಯ ಮರಗಳ ಹಿಂದೆ ಎದ್ದುನಿಂತ ಬೆಟ್ಟ, ನೀರಿನಲ್ಲಿ ಅದೇ ಮರಗಳ ಮರೆಗೆ ಅರ್ಧ ಸರಿದಿರುತ್ತದೆ. ಇದು ಮನಸ್ಸಿನಲ್ಲಿದ್ದರೆ ಕ್ಯಾಮೆರಾ ಎಲ್ಲಿಡಬೇಕು, ಆಮೇಲೆ ಏನು ತಿದ್ದಬೇಕು ಎಂಬ ಗೊಂದಲ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಜಾಗ ಮತ್ತು ಹೊತ್ತು

ನೆಲ ಕಾದು ಗಾಳಿ ಏಳುವ ಮುಂಚೆ, ಬೆಳ್ಳಂಬೆಳಿಗ್ಗೆ ಹೋಗಿ. ಬೆಟ್ಟದ ಮೇಲೆ ಬಿಸಿಲು ಬಿದ್ದಿರಬೇಕು, ನೀರು ಇನ್ನೂ ನೆರಳಿನಲ್ಲಿರಬೇಕು. ಪ್ರತಿಬಿಂಬಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ಬಿಸಿಲು ನೇರವಾಗಿ ನೀರಿಗೆ ಬಿದ್ದರೆ, ಅದರಲ್ಲೂ ನೀರು ಕದಡಿದ್ದರೆ, ಒಳಗಿನ ಮಣ್ಣಿನ ಕಣಗಳೇ ಹೊಳೆದು ಬಣ್ಣಗಳೆಲ್ಲ ಮಂಕಾಗುತ್ತವೆ.

ದೊಡ್ಡ ಕೆರೆಯೇ ಬೇಕೆಂದಿಲ್ಲ. ಬಂಡೆಯ ಕುಳಿಯಲ್ಲಿ ನಿಂತ ಮಳೆನೀರೂ ಸಾಕು. ಪುಟ್ಟ ನೀರಿನಲ್ಲಿ ಅಲೆ ಬೆಳೆಯಲು ಜಾಗವೇ ಇರುವುದಿಲ್ಲ. ಕ್ಯಾಮೆರಾವನ್ನು ನೀರಿಗೆ ತಾಗುವಷ್ಟು ಕೆಳಗಿಳಿಸಿದರೆ ಆ ಕುಳಿಯಲ್ಲೇ ಇಡೀ ಬೆಟ್ಟ ಹಿಡಿಸುತ್ತದೆ. ಕೆಳಗಿಳಿದಷ್ಟೂ ಪ್ರತಿಬಿಂಬ ಮೇಲಿನ ದೃಶ್ಯವನ್ನು ಹೆಚ್ಚು ಹೋಲುತ್ತದೆ, ಹೆಚ್ಚು ಉಜ್ಜ್ವಲವೂ ಆಗುತ್ತದೆ. ನೆಟ್ಟಗೆ ಮೇಲಿನಿಂದ ಬಿದ್ದ ಬೆಳಕಿನಲ್ಲಿ ನೀರು ಹಿಂದಿರುಗಿಸುವುದು ಶೇ 2ರಷ್ಟು ಮಾತ್ರ. ನೋಟ ಓರೆಯಾದಂತೆ ಆ ಪಾಲು ಏರುತ್ತಾ ಹೋಗುತ್ತದೆ.

ಚೌಕಟ್ಟು

ದಡದ ಗೆರೆಯನ್ನು ಚಿತ್ರದ ನಟ್ಟನಡುವೆ ತರಬಾರದು ಎಂಬ ಮಾತನ್ನು ಇಲ್ಲಿ ಮರೆಯಬಹುದು. ನೀರು ಕನ್ನಡಿಯಂತೆ ನಿಂತಿದ್ದರೆ ನಡುಗೆರೆಯೇ ಚೆಂದ. ಅಲೆಗಳಿದ್ದರೆ ಅಥವಾ ಮುಂಭಾಗದಲ್ಲಿ ಒಳ್ಳೆಯ ಕಲ್ಲು, ಜೊಂಡು ಇದ್ದರೆ ಯಾವುದಾದರೂ ಒಂದು ಭಾಗಕ್ಕೆ ಹೆಚ್ಚು ಜಾಗ ಕೊಡಿ.

ಚಿತ್ರ ಓರೆಯಾಗಿದೆಯೇ ಎಂದು ನೋಡಲು ದಡದ ಗೆರೆಯನ್ನು ನಂಬಬೇಡಿ. ದಡ ನಮ್ಮಿಂದ ದೂರ ಸರಿಯುತ್ತಾ ಹೋಗಿದ್ದರೆ ಫೋಟೊದಲ್ಲಿ ಅದು ಓರೆಯಾಗಿಯೇ ಬರಬೇಕು. ಅದನ್ನು ಅಡ್ಡಗೆರೆಗೆ ಸರಿಹೊಂದಿಸಲು ಹೋದರೆ ಕೆರೆಯೇ ವಾಲುತ್ತದೆ. ಬದಲಿಗೆ ಚಿತ್ರದ ನಡುಭಾಗದಲ್ಲಿ ಒಂದು ಶಿಖರದ ತುದಿಯನ್ನೋ ಕಂಬವನ್ನೋ ಆರಿಸಿ, ನೀರಿನಲ್ಲಿ ಅದರ ಬಿಂಬ ಹುಡುಕಿ. ಎರಡೂ ಒಂದೇ ಲಂಬಗೆರೆಯ ಮೇಲಿದ್ದರೆ ಚಿತ್ರ ನೆಟ್ಟಗಿದೆ.

ಫೋಕಸ್, ಫಿಲ್ಟರ್, ಎಕ್ಸ್‌ಪೋಷರ್

ಫೋಕಸ್ ಮಾಡಬೇಕಾದದ್ದು ಬೆಟ್ಟಕ್ಕೆ, ನೀರಿನ ಮೇಲ್ಮೈಗಲ್ಲ. ಬೆಟ್ಟದಿಂದ ನೀರಿಗೆ, ನೀರಿನಿಂದ ಲೆನ್ಸಿಗೆ ಬೆಳಕು ಕ್ರಮಿಸಿದ ಒಟ್ಟು ದೂರವೇ ಬಿಂಬದ ದೂರ. ಕಾಲಬುಡದಲ್ಲಿ ತೇಲುವ ಎಲೆಗೆ ಫೋಕಸ್ ಮಾಡಿದರೆ ಅದರ ಪಕ್ಕದಲ್ಲೇ ಕಾಣುವ ಬೆಟ್ಟದ ಬಿಂಬ ಮಸುಕಾಗುವುದು ಇದೇ ಕಾರಣಕ್ಕೆ. ಎರಡೂ ಬೇಕಿದ್ದರೆ ಎಫ್/11ರ ಸುಮಾರಿಗೆ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಕಿರಿದು ಮಾಡಿ, ಟ್ರೈಪಾಡ್ ಬಳಸಿ.

ಹೊಳಪು ತಗ್ಗಿಸಲು ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಪೋಲರೈಸರ್ ಫಿಲ್ಟರನ್ನು ಸುಮ್ಮನೆ ಹಾಕಿ ಮರೆಯುವವರೇ ಹೆಚ್ಚು. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಅದು ಪ್ರತಿಬಿಂಬವನ್ನು ಹೆಚ್ಚುಕಡಿಮೆ ಪೂರ್ತಿ ಅಳಿಸಬಲ್ಲದು. ಕಣ್ಣಿಟ್ಟು ನೋಡುತ್ತಾ ನಿಧಾನಕ್ಕೆ ತಿರುಗಿಸಿ. ಕಾಲ ಬಳಿಯ ಬೆಣಚುಕಲ್ಲುಗಳೂ ಕಂಡು, ದೂರದ ಬಿಂಬವೂ ಉಳಿಯುವ ಒಂದು ಹದ ಸಿಗುತ್ತದೆ.

ಆಕಾಶಕ್ಕಿಂತ ಅದರ ಬಿಂಬ ಕಪ್ಪಗಿರುವುದರಿಂದ, ಎಕ್ಸ್‌ಪೋಷರ್ (ಒಳಬರುವ ಬೆಳಕಿನ ಪ್ರಮಾಣ) ಬದಲಿಸಿ ಎರಡು ಮೂರು ಫ್ರೇಮ್ ತೆಗೆದಿಟ್ಟುಕೊಳ್ಳಿ. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್) ಇರಲಿ. ಸಣ್ಣ ಅಲೆಗಳಿದ್ದರೆ ಶಟರನ್ನು ಕೆಲವು ಸೆಕೆಂಡು ತೆರೆದಿಟ್ಟರೆ ನೀರು ನುಣುಪಾಗುತ್ತದೆ. ಅಲೆ ದೊಡ್ಡದಿದ್ದರೆ ಬಿಂಬ ಉದ್ದುದ್ದ ಬಣ್ಣದ ಪಟ್ಟಿಗಳಾಗುತ್ತದಷ್ಟೇ. ನನಗಂತೂ ಅದೂ ಇಷ್ಟ.

ಕಂಪ್ಯೂಟರಿನ ಮುಂದೆ

ಮೊದಲು ಲೆನ್ಸ್ ಕರೆಕ್ಷನ್ (ಲೆನ್ಸಿನಿಂದಾದ ವಕ್ರತೆ ಸರಿಪಡಿಸುವುದು), ಓರೆ ತಿದ್ದುವುದು, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ ಸರಿಪಡಿಸುವುದು). ಆಮೇಲೆ ನೀರಿನ ಭಾಗಕ್ಕೊಂದು ಗ್ರೇಡಿಯೆಂಟ್ ಮಾಸ್ಕ್ (ತಿದ್ದಿದ್ದು ಆ ಭಾಗಕ್ಕಷ್ಟೇ ತಗಲಿ, ಅಂಚಿನಲ್ಲಿ ಕ್ರಮೇಣ ಕರಗುವಂತೆ ಮಾಡುವ ಸಾಧನ) ಎಳೆದು ಸ್ವಲ್ಪ ಬೆಳಕು ಏರಿಸಿ. ಎಲ್ಲಿಯವರೆಗೆ? ಮೇಲಿನ ಬಿಳಿ ಮೋಡವನ್ನೂ ನೀರಿನಲ್ಲಿರುವ ಅದೇ ಮೋಡವನ್ನೂ ದೊಡ್ಡದು ಮಾಡಿ ಅಕ್ಕಪಕ್ಕ ನೋಡಿ. ಕೆಳಗಿನದು ಒಂದಿಷ್ಟು ಮಬ್ಬಾಗಿಯೇ ಇರಬೇಕು. ಅದು ಮೇಲಿನದಕ್ಕಿಂತ ಬೆಳ್ಳಗಾದ ಕೂಡಲೇ, ಏಕೆ ಎಂದು ತಿಳಿಯದವರಿಗೂ ಚಿತ್ರ ಕೃತಕವೆನಿಸುತ್ತದೆ. ಕಪ್ಪು ಭಾಗಗಳ ಕಥೆ ಬೇರೆ. ನೀರಿನೊಳಗೆ ಚದುರಿದ ಬೆಳಕೂ ಸೇರುವುದರಿಂದ ಕಡುಗಪ್ಪು ಮರದ ಬಿಂಬ ಮರಕ್ಕಿಂತ ತುಸು ತಿಳಿಯಾಗಿರುವುದೇ ಸಹಜ. ಹಾಗಾಗಿ ನೀರಿನ ಭಾಗದಲ್ಲಿ ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ಅಂತರ) ಏರಿಸಬೇಡಿ. ಮಬ್ಬು ತೆಗೆಯುವ ಡೀಹೇಜ್ ಸ್ಲೈಡರನ್ನಂತೂ ಮುಟ್ಟದಿದ್ದರೇ ಒಳ್ಳೆಯದು.

ಕೊನೆಗೆ ಕಸ ತೆಗೆಯುವ ಕೆಲಸ. ಸೆನ್ಸರ್ ಮೇಲಿನ ಧೂಳಿನ ಚುಕ್ಕೆ ಆಕಾಶದಲ್ಲಷ್ಟೇ ಅಲ್ಲ, ನಯವಾದ ನೀರಿನಲ್ಲೂ ಎದ್ದು ಕಾಣುತ್ತದೆ. ಆಕಾಶದಿಂದ ಹಕ್ಕಿಯನ್ನೋ ತಂತಿಯನ್ನೋ ಅಳಿಸಿದರೆ ಅದರ ಬಿಂಬವನ್ನೂ ಹುಡುಕಿ ಅಳಿಸಬೇಕು. ಅದು ಅದೇ ಲಂಬಗೆರೆಯಲ್ಲಿ ಕೆಳಗಡೆ ಸಿಗುತ್ತದೆ, ಆದರೆ ದಡದ ಗೆರೆಯಿಂದ ಅಷ್ಟೇ ದೂರದಲ್ಲಿ ಸಿಗಬೇಕೆಂದೇನಿಲ್ಲ.