ಮಾತ್ರೆ ಸೇರಿಸಲಿಲ್ಲ, ಹೊತ್ತು ಬದಲಿಸಿದೆ

ಹೋದ ತಿಂಗಳ ರಿಪೋರ್ಟ್‌ನಲ್ಲಿ ವಿಟಮಿನ್ ಡಿ 35ರ ಆಸುಪಾಸು, ಟಿಎಸ್‌ಎಚ್ (ಥೈರಾಯ್ಡ್ ಸಾಲದಾಗ ಏರುವ ಹಾರ್ಮೋನ್) ಎರಡೂವರೆ, ಪಿಟಿಎಚ್ (ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳುವ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನ್) 58 ಬಂತು. ನನಗೀಗ 69. ಎರಡು ವರ್ಷದ ಹಿಂದೆ ಇದೇ ಮೂರು ಅಂಕಿ 11, 9, 98 ಇದ್ದವು. ಈ ನಡುವೆ ನಾನಾಗಿ ಒಂದೇ ಒಂದು ಹೊಸ ಮಾತ್ರೆ ಕೊಂಡಿಲ್ಲ. ಮನೆಯಲ್ಲಿದ್ದ ಏಳರಲ್ಲಿ ನಾಲ್ಕು ಬಿಟ್ಟೆ, ಉಳಿದ ಮೂರಕ್ಕೆ ಸರಿಯಾದ ಹೊತ್ತು ಗೊತ್ತುಮಾಡಿದೆ. "ಹೊತ್ತು ಬದಲಿಸಿದರೆ ಹಾರ್ಮೋನ್ ಸರಿಯಾಗುತ್ತಾ ಅಮ್ಮಾ?" ಅಂತ ಮಗ ಕೇಳಿದ್ದ. ತಂಗಿಯಂತೂ ಇದು ಹಟ ಅಂದಳು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಬಹಳ ಜನರಿಗೆ ಸ್ಯಾಶೆ, ಗುಳಿಗೆ, ವಾರದ ಡಬ್ಬಿ ಎಲ್ಲಾ ಗೊತ್ತೇ ಇರುತ್ತದೆ. ನೇರವಾಗಿ ಸೋತ ಕಥೆಗೆ ಬರುತ್ತೇನೆ.

ಮೊದಲ ಸೋಲು ವಾರಕ್ಕೊಂದು ದೊಡ್ಡ ಡೋಸ್ ವಿಟಮಿನ್ ಡಿ, ಸ್ಯಾಶೆಯಲ್ಲಿ ಬರುವ ಪುಡಿ. ಎಂಟು ವಾರ ತಗೊಂಡೆ, 40 ದಾಟಿತು, ಖುಷಿಯಾಗಿ ನಿಲ್ಲಿಸಿದೆ. ಐದಾರು ತಿಂಗಳಲ್ಲಿ ಮತ್ತೆ ಹದಿನೈದರ ಕೆಳಗೆ. ಹೀಗೆ ಮೂರು ಸುತ್ತು. ಪ್ರತಿ ಸುತ್ತಿಗೂ ಹಿಂದೊಂದು ಮುಂದೊಂದು ಪರೀಕ್ಷೆ. ಆ ವರ್ಷ ಪರೀಕ್ಷೆಗೆ ಹೋದ ಹಣ ಮಾತ್ರೆಗೆ ಹೋದದ್ದಕ್ಕಿಂತ ಜಾಸ್ತಿ. ಸಾಲದ್ದಕ್ಕೆ ಒಮ್ಮೆ ತಡೆಯಲಾರದೆ ನಾಲ್ಕೇ ವಾರಕ್ಕೆ ಪರೀಕ್ಷೆ ಮಾಡಿಸಿದೆ. ರಕ್ತದಲ್ಲಿ ಡಿ ಮಟ್ಟ ಒಂದು ಕಡೆ ನಿಲ್ಲಲು ಸುಮಾರು ಮೂರು ತಿಂಗಳು ಬೇಕು. ಆ ಹಣ ಪೂರ್ತಿ ದಂಡ.

ಎರಡನೆಯದು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಒಂದು ಸಲ ಬೇರೆ ಲ್ಯಾಬ್‌ಗೆ ಹೋದೆ, 42 ಬಂತು. ಗೆದ್ದೆ ಅಂತ ಎರಡು ತಿಂಗಳು ಎಲ್ಲಾ ಬಿಟ್ಟೆ. ಆಮೇಲೆ ಮಗನೇ ಕಾಗದ ಹಿಡಿದು, ಅಂಕಿಯ ಪಕ್ಕದ ಪುಟ್ಟ ಅಕ್ಷರ ಓದಿದ. ಅದು ನನ್ನ ಉಳಿದ ರಿಪೋರ್ಟ್‌ಗಳ ಹಾಗೆ ನ್ಯಾನೋಗ್ರಾಂ ಲೆಕ್ಕ ಅಲ್ಲ, ನ್ಯಾನೋಮೋಲ್ ಲೆಕ್ಕ. ಎರಡೂವರೆಯಿಂದ ಭಾಗಿಸಬೇಕು. ಅಂದರೆ ನನ್ನದು 17! ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ಅಂಕಿಗೆ ಒಂದು ಕಾಲಂ, ಅಳತೆಗೆ ಇನ್ನೊಂದು ಕಾಲಂ ಹಾಕಿದ್ದೇನೆ. ಲ್ಯಾಬ್ ಕೂಡ ಬದಲಿಸುವುದಿಲ್ಲ.

ನಿಜವಾದ ತೊಡಕು ಮಾತ್ರ ಬೇರೆ ಕಡೆ ಇತ್ತು. ನಾನು ಇಪ್ಪತ್ತು ವರ್ಷದಿಂದ ಥೈರಾಯ್ಡ್ ಮಾತ್ರೆಯವಳು, 75 ಮೈಕ್ರೋಗ್ರಾಂ. ಏರಿಳಿತವಿಲ್ಲದೆ ನಡೆದಿತ್ತು. ಮೂಳೆಗೆ ಅಂತ ಕ್ಯಾಲ್ಸಿಯಂ ಶುರುವಾದ ಮೇಲೆ ಟಿಎಸ್‌ಎಚ್ ಏರಲು ಶುರುವಾಯಿತು. 5, 7, ಆಮೇಲೆ 9. ಡೋಸ್ 100ಕ್ಕೆ ಏರಿತು. ಆದರೂ ಸುಸ್ತು ಹೋಗಲಿಲ್ಲ. ಇನ್ನೂ ಏರಿಸೋಣ ಅಂತ ಡಾಕ್ಟರ್ ಅಂದಾಗ, ಎರಡು ತಿಂಗಳು ಸಮಯ ಕೊಡಿ ಅಂತ ಕೇಳಿಕೊಂಡೆ.

ಯಾಕೆ ಕೇಳಿದೆ ಅಂದರೆ, ಹಿಂದಿನ ರಾತ್ರಿ ಏಳೂ ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಭೂತಗನ್ನಡಿ ಹಿಡಿದು ಲೇಬಲ್ ಓದಿದ್ದೆ. ಕ್ಯಾಲ್ಸಿಯಂ ಮಾತ್ರೆಯಲ್ಲಿ ಡಿ 500 ಐಯು (ವಿಟಮಿನ್ ಅಳೆಯುವ ಘಟಕ). ಮಲ್ಟಿವಿಟಮಿನ್‌ನಲ್ಲಿ 400, ಜೊತೆಗೆ ಕಬ್ಬಿಣ, ಕ್ಯಾಲ್ಸಿಯಂ. ಮೂಳೆ ಮಾತ್ರೆ ಅಂತ ತಂದದ್ದರಲ್ಲೂ ಅವೇ. ಒಂದೇ ಸರಕಿಗೆ ಮೂರು ಮೂರು ಸಲ ದುಡ್ಡು ಕೊಡುತ್ತಿದ್ದೆ. ಅದಕ್ಕಿಂತ ಕೆಟ್ಟದ್ದು, ಮರೆಯಬಾರದು ಅಂತ ದಿನದ ಮಾತ್ರೆಗಳನ್ನೆಲ್ಲ ಬೆಳಿಗ್ಗೆ ಕಾಫಿ ಜೊತೆ ಒಟ್ಟಿಗೆ ನುಂಗುತ್ತಿದ್ದೆ. ಕ್ಯಾಲ್ಸಿಯಂ, ಕಬ್ಬಿಣ ಎರಡೂ ಹೊಟ್ಟೆಯೊಳಗೆ ಥೈರಾಯ್ಡ್ ಮಾತ್ರೆಯನ್ನು ಹಿಡಿದುಕೊಳ್ಳುತ್ತವೆ, ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ನಾಲ್ಕು ಗಂಟೆ ಅಂತರ ಬೇಕು. ಕಾಫಿಯೂ ಅಡ್ಡ ಬರುತ್ತದೆ. ಇನ್ನು ಡಿ ಕರಗುವುದು ಕೊಬ್ಬಿನಲ್ಲಿ. ಖಾಲಿ ಹೊಟ್ಟೆಗೆ ಹೋದರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹೀಗೆ ನನ್ನ ಮಾತ್ರೆಗಳು ಒಂದಕ್ಕೊಂದು ಅಡ್ಡಗಾಲು ಹಾಕುತ್ತಿದ್ದವು.

ನಾನು ಮಾಡಿದ್ದು ಇಷ್ಟೇ. ಥೈರಾಯ್ಡ್ ಮಾತ್ರೆಯನ್ನು ರಾತ್ರಿಗೆ ತಂದೆ. ಏಳಕ್ಕೆ ಊಟ, ಹತ್ತೂವರೆಗೆ ಮಾತ್ರೆ, ನಡುವೆ ನೀರು ಬಿಟ್ಟು ಏನೂ ಇಲ್ಲ. ಮಧ್ಯಾಹ್ನ ದೊಡ್ಡ ಊಟದ ನಡುವೆ 1000 ಐಯು ಡಿ ಗುಳಿಗೆ ಮತ್ತು ಒಂದು ಕ್ಯಾಲ್ಸಿಯಂ. ಗುಳಿಗೆ ಮಗ ತಂದುಕೊಟ್ಟು ಡ್ರಾಯರ್‌ನಲ್ಲೇ ಬಿದ್ದಿತ್ತು. ನನ್ನ ವಯಸ್ಸಿನ ಹೆಂಗಸರಿಗೆ ದಿನಕ್ಕೆ ಕ್ಯಾಲ್ಸಿಯಂ 1200 ಮಿಲಿಗ್ರಾಂ ಅನ್ನುತ್ತಾರೆ. ಒಂದು ವಾರ ಬರೆದಿಟ್ಟು ನೋಡಿದೆ, ಊಟದಿಂದಲೇ ಏಳುನೂರು ಚಿಲ್ಲರೆ ಬರುತ್ತಿತ್ತು. ಹಾಗಾಗಿ ಒಂದು ಮಾತ್ರೆ ಸಾಕಾಯಿತು. ಕಬ್ಬಿಣವನ್ನು ಡಾಕ್ಟರ್ ರಕ್ತ ನೋಡಿಯೇ ಬಿಡಿಸಿದರು. ಸ್ಯಾಶೆ, ಮೂಳೆ ಮಾತ್ರೆ, ಮಲ್ಟಿವಿಟಮಿನ್ ಅವರನ್ನು ಕೇಳಿಯೇ ನಿಲ್ಲಿಸಿದೆ. ಒಂದು ಮಾತ್ರೆಯೂ ತಪ್ಪದ ಹಾಗೆ ನಾನು ಕಂಡುಕೊಂಡ ಒಂದು ಉಪಾಯ ಇದೆ. ಅದನ್ನು ಇನ್ನೊಂದು ವರ್ಷ ನಡೆಸಿ ನೋಡಿ ಆಮೇಲೆ ಹೇಳುತ್ತೇನೆ.

"ದೊಡ್ಡ ಡೋಸ್ ಬಿಟ್ಟು ಈ ಚಿಕ್ಕ ಗುಳಿಗೆಗೆ ಏನಾಗುತ್ತೆ?" ಅಂತ ಮಗನ ಅನುಮಾನ. 2010ರಲ್ಲಿ ಬಂದ ಒಂದು ಅಧ್ಯಯನದ ಬಗ್ಗೆ ಅವನಿಗೆ ಹೇಳಿದೆ. ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಐಯು ಒಟ್ಟಿಗೆ ಕೊಟ್ಟರು. ಬೀಳುವುದು, ಮೂಳೆ ಮುರಿಯುವುದು ಕಡಿಮೆಯಾಗುವ ಬದಲು ಜಾಸ್ತಿಯೇ ಆಯಿತು. 2024ರಲ್ಲಿ ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ ಕೂಡ ಐವತ್ತು ದಾಟಿ ಡಿ ಬೇಕಾದವರಿಗೆ ಆಗಾಗ ದೊಡ್ಡ ಡೋಸ್‌ಗಿಂತ ದಿನಾ ಚಿಕ್ಕದೇ ಒಳ್ಳೆಯದು ಅಂತ ಸಲಹೆ ಕೊಟ್ಟಿತು. ಮಗ ಸುಮ್ಮನಾದ. ಒಪ್ಪಿದ್ದು ರಿಪೋರ್ಟ್ ಬಂದ ಮೇಲೆ.

ಎಂಟು ವಾರಕ್ಕೆ ಟಿಎಸ್‌ಎಚ್ ಒಂದರ ಕೆಳಗೆ ಇಳಿದು, 100ರ ಡೋಸ್ ಜಾಸ್ತಿಯಾಯಿತು ಅಂತ ತೋರಿಸಿತು. ಮತ್ತೆ 75ಕ್ಕೆ ಬಂದೆ. ಮೂರು ತಿಂಗಳಿಗೆ ಡಿ 29, ಆರು ತಿಂಗಳಿಗೆ 34. ಪಿಟಿಎಚ್ 98 ಇದ್ದಾಗ ಪ್ಯಾರಾಥೈರಾಯ್ಡ್ ಗ್ರಂಥಿಯಲ್ಲೇ ಗಂಟು ಇರಬಹುದು ಅಂತ ಮನೆಯವರೆಲ್ಲ ಹೆದರಿದ್ದರು. ರಕ್ತದ ಕ್ಯಾಲ್ಸಿಯಂ ಸರಿ ಇತ್ತು, ಕಿಡ್ನಿ ಸರಿ ಇತ್ತು. ಡಿ ಸಾಲದಾಗ ಆ ಗ್ರಂಥಿ ತಾನೇ ಜಾಸ್ತಿ ದುಡಿಯುತ್ತದೆ, ಮೊದಲು ಡಿ ಸರಿಯಾಗಲಿ ಅಂತ ಡಾಕ್ಟರ್ ಕಾಯಿಸಿದರು. ಅವರು ಕಾಯಿಸಿದ್ದು ಒಳ್ಳೆಯದಾಯಿತು. ಸ್ಕ್ಯಾನ್‌ನ ಹಣ ಉಳಿಯಿತು. ಮೊದಲು ಪಿಂಚಣಿಯ ಹತ್ತರಲ್ಲೊಂದು ಪಾಲು ಮಾತ್ರೆಗೇ ಹೋಗುತ್ತಿತ್ತು, ಈಗ ಅದರ ಕಾಲು ಭಾಗವೂ ಇಲ್ಲ.

ನಡುವೆ ಒಂದು ಪೆಟ್ಟು ಬಿತ್ತು. ತಂಗಿ ಕೂದಲಿಗೆ ಅಂತ ಬಯೋಟಿನ್ ಅನ್ನುವ ಬಿ ವಿಟಮಿನ್ ಮಾತ್ರೆ ಕೊಟ್ಟಳು, 10 ಮಿಲಿಗ್ರಾಂನದು. ತಿಂಗಳಾದ ಮೇಲಿನ ಪರೀಕ್ಷೆಯಲ್ಲಿ ಟಿಎಸ್‌ಎಚ್ 0.2, ಡಿ 60ರ ಮೇಲೆ! ಥೈರಾಯ್ಡ್ ಡೋಸ್ ಅರ್ಧ ಮಾಡೋಣ ಅನ್ನುವವರೆಗೆ ಹೋಯಿತು. ಆದರೆ ಡೋಸ್ ಜಾಸ್ತಿಯಾದ ಲಕ್ಷಣ ಒಂದೂ ಕಾಣಲಿಲ್ಲ, ನನಗೆ ಎದೆ ಡವಡವ ಇಲ್ಲ, ಕೈ ನಡುಕ ಇಲ್ಲ, ತೂಕ ಅಷ್ಟೇ ಇದೆ. ನೋಟ್‌ಬುಕ್ ತೆರೆದೆ. ಆ ತಿಂಗಳು ಹೊಸದಾಗಿ ಬಂದದ್ದು ಬಯೋಟಿನ್ ಒಂದೇ. ಕೆಲವು ಲ್ಯಾಬ್‌ಗಳ ಪರೀಕ್ಷೆಯಲ್ಲೇ ಬಯೋಟಿನ್ ಬಳಸುತ್ತಾರೆ. ನಾವು ಜಾಸ್ತಿ ನುಂಗಿದ್ದರೆ ಟಿಎಸ್‌ಎಚ್ ಸುಳ್ಳೇ ಕಡಿಮೆ, ಡಿ ಸುಳ್ಳೇ ಜಾಸ್ತಿ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಬಯೋಟಿನ್ ಬಿಟ್ಟು ಒಂದು ವಾರ ತಡೆದು ಮತ್ತೆ ರಕ್ತ ಕೊಟ್ಟೆ. ಟಿಎಸ್‌ಎಚ್ ಸುಮಾರು 3, ಡಿ 34. ಇದನ್ನು ಹಿಡಿದದ್ದು ನಾನೇ ಅಂತ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಬಿಸಿಲಿನ ಪ್ರಯೋಗವನ್ನೂ ಮಾಡಿದ್ದೆ, ಈ ಬದಲಾವಣೆಗಿಂತ ಮುಂಚೆ. ಮೂರು ತಿಂಗಳು ಗಾಜಿನ ಕಿಟಕಿ ಪಕ್ಕ ಬೆಳಗಿನ ಬಿಸಿಲಿಗೆ ಕೂತೆ. ಏನೂ ಏರಲಿಲ್ಲ. ಡಿ ಮಾಡುವ ಕಿರಣ ಗಾಜು ದಾಟುವುದಿಲ್ಲ. ಆಮೇಲೆ ಹೊರಗೆ, ನೆರಳು ನನಗಿಂತ ಗಿಡ್ಡ ಇರುವ ಹೊತ್ತಲ್ಲಿ, ತೋಳು ಕಾಲು ತೆರೆದು ಹದಿನೈದು ನಿಮಿಷ ಕೂತೆ. ಮೂರೋ ನಾಲ್ಕೋ ಏರಿತು, ಅಷ್ಟೇ. ಈ ವಯಸ್ಸಿನ ಚರ್ಮ ಹರೆಯದ ಅರ್ಧದಷ್ಟೂ ತಯಾರಿಸುವುದಿಲ್ಲ ಅಲ್ವಾ.

ಶಕ್ತಿ ಬಂತಾ ಅಂತ ಎಲ್ಲರೂ ಕೇಳುತ್ತಾರೆ. ಕೈ ಊರದೆ ಕುರ್ಚಿಯಿಂದ ಅರ್ಧ ನಿಮಿಷದಲ್ಲಿ ಏಳು ಸಲ ಏಳುತ್ತಿದ್ದವಳು ಈಗ ಹನ್ನೊಂದು ಸಲ ಏಳುತ್ತೇನೆ. ಆದರೆ ಅದೇ ಸಮಯದಲ್ಲಿ ವ್ಯಾಯಾಮವನ್ನೂ ಶುರು ಮಾಡಿದ್ದೆ, ಹಾಗಾಗಿ ಎಲ್ಲಾ ಡಿಯಿಂದಲೇ ಅನ್ನಲಾರೆ. 25 ಸಾವಿರ ದಾಟಿದ ಜನರ ಮೇಲೆ ನಡೆದ ವೈಟಲ್ ಅಧ್ಯಯನದಲ್ಲಿ, ದಿನಾ 2000 ಐಯು ತಗೊಂಡರೂ ಮೂಳೆ ಮುರಿತ ಕಡಿಮೆಯಾಗಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಮೊದಲೇ ಡಿ ಸಾಕಷ್ಟು ಇತ್ತು, ನನ್ನ ಹಾಗೆ 11 ಅಲ್ಲ. ಕೊರತೆ ಇದ್ದವರ ಲೆಕ್ಕವೇ ಬೇರೆ ಅಂತ ನನಗನ್ನಿಸುತ್ತದೆ.

ಈಗ ತಂಗಿ ನನ್ನ ಪಟ್ಟಿ ಕೇಳುತ್ತಿದ್ದಾಳೆ. ಕೊಟ್ಟಿಲ್ಲ. ಅವಳಿಗೆ ಎರಡು ಸಲ ಕಿಡ್ನಿಯಲ್ಲಿ ಕಲ್ಲಾಗಿದೆ, ಮೊದಲು ರಕ್ತದ ಕ್ಯಾಲ್ಸಿಯಂ ನೋಡಬೇಕು. ಬಯೋಟಿನ್ ಈ ಸೋಮವಾರ ನಿಲ್ಲಿಸಿದ್ದಾಳೆ. ಮುಂದಿನ ಸೋಮವಾರ ಇಬ್ಬರೂ ಒಟ್ಟಿಗೆ ರಕ್ತ ಕೊಡಲು ಹೋಗುತ್ತೇವೆ.