ಗೇಜ್ ಗ್ಲಾಸ್‌ನ ಮಟ್ಟ ಅಲುಗಾಡದಿದ್ದಾಗ

ನಮ್ಮ ಬಾಯ್ಲರ್‌ನ ನೀರಿನ ಮಟ್ಟ ತೋರಿಸುವ ಎರಡು ಗೇಜ್ ಗ್ಲಾಸ್‌ಗಳಲ್ಲಿ ಒಂದರ ಮಟ್ಟ ಏರಿಳಿಯದೆ ಮೇಲೆಯೇ ನಿಂತಿತ್ತು. ಗ್ಲಾಸಿನ ಕೆಳಗಿನ ನೀರಿನ ಕಾಕ್ (ತಿರುಗಿಸುವ ಕವಾಟ) ಮುಚ್ಚಿ ಡ್ರೈನ್ ತೆರೆದಾಗ ಹಬೆ ಜೋರಾಗಿ ಬಂತು. ಮೇಲಿನ ಹಬೆಯ ಕಾಕ್ ಮುಚ್ಚಿ ನೀರಿನದ್ದು ತೆರೆದರೆ ಬರೀ ತೊಟ್ಟಿಕ್ಕಿತು. ಅಂದರೆ ನೀರು ಬರುವ ಕೆಳಗಿನ ದಾರಿ ಕೆಸರಿನಿಂದ ಕಟ್ಟಿತ್ತು. ಮೇಲಿಂದ ಬರುವ ಹಬೆ ತಣಿದು ಗ್ಲಾಸಿನಲ್ಲೇ ನೀರಾಗಿ ತುಂಬುವುದರಿಂದ, ಡ್ರಮ್ (ಬಾಯ್ಲರ್‌ನ ನೀರು-ಹಬೆಯ ಪಾತ್ರೆ) ಖಾಲಿಯಾಗುತ್ತಿದ್ದರೂ ಮಟ್ಟ ಹೆಚ್ಚೇ ಕಾಣುತ್ತದೆ. ಇದನ್ನು ನಂಬಿದರೆ ಟ್ಯೂಬ್ ಸುಟ್ಟಂತೆಯೇ.

ಒತ್ತಡವಿರುವಾಗ ಕಂಬಿ ಹಾಕಿ ಚುಚ್ಚಲೇಬಾರದು. ಶಟ್‌ಡೌನ್‌ನಲ್ಲಿ ಒತ್ತಡ ಸೊನ್ನೆಗಿಳಿದು, ಏರ್ ವೆಂಟ್ ತೆರೆದು, ನೀರನ್ನು ಕಾಕ್‌ಗಿಂತ ಕೆಳಕ್ಕಿಳಿಸಿದ ಮೇಲೆ ಕಾಕ್ ಬಿಚ್ಚಿ ಡ್ರಮ್‌ವರೆಗೂ ದಾರಿ ಬಿಡಿಸಿದೆ. ಸೋರದಂತೆ ತಡೆಯುವ ಹೊಸ ಪ್ಯಾಕಿಂಗ್ ಹಾಕುವಾಗ ಮೇಲಿನ, ಕೆಳಗಿನ ಫಿಟಿಂಗ್ ಒಂದೇ ನೇರಕ್ಕಿರಲಿ. ಓರೆಯಿದ್ದರೆ ಬಿಸಿಗೆ ಗ್ಲಾಸ್ ಒಡೆಯುತ್ತದೆ. ಮತ್ತೆ ಚಾಲು ಮಾಡುವಾಗ ಡ್ರೈನ್ ತೆರೆದಿಟ್ಟು, ಹಬೆಯ ಕಾಕ್ ಸ್ವಲ್ಪವೇ ತಿರುಗಿಸಿ ಗ್ಲಾಸ್ ಬೆಚ್ಚಗಾಗಲು ಬಿಡಿ. ಈಗ ಪ್ರತಿ ಶಿಫ್ಟ್‌ನಲ್ಲೂ ಎರಡೂ ಕಾಕ್ ಬೇರೆಬೇರೆಯಾಗಿ ಬ್ಲೋ ಮಾಡುತ್ತೇವೆ, ಅಂದರೆ ಡ್ರೈನ್ ತೆರೆದು ಜೋರಾಗಿ ಹರಿಯಬಿಡುತ್ತೇವೆ.